ಬಣ್ಣ ಹಚ್ಚುವಾಗ ಮಗು ಯಾವುದರ ಬಗ್ಗೆ ಯೋಚಿಸುತ್ತಿತ್ತು?

ಪ್ರಶ್ನೆ: ನಾನು ನಾಲ್ಕನೇ ತರಗತಿಗೆ ಎಲ್ಲ ವಿಷಯಗಳನ್ನೂ ಬೋಧಿಸುವ ಶಿಕ್ಷಕಿ. ಪ್ರತಿ ಪಾಠಕ್ಕೂ ಯಾವುದಾದರೊಂದು ಕಲೆಯನ್ನು ಜೋಡಿಸಬೇಕೆಂದು ನಮ್ಮ ಶಾಲೆಯಲ್ಲಿ ಈ ವರ್ಷ ತೀರ್ಮಾನವಾಗಿದೆ. ಜಲಚಕ್ರದ ಪಾಠಕ್ಕೆ ಮಕ್ಕಳು ಎರಡು ಅವಧಿ ಕುಳಿತು ಬಹಳ ಚೆಂದದ ಚಾರ್ಟ್ ಮಾಡಿದರು. ಆದರೆ ತಣ್ಣೀರಿನ ಲೋಟದ ಹೊರಮೈಯಲ್ಲಿ ಹನಿಗಳು ಮೂಡುವುದೇಕೆ ಎಂದು ಕಿರುಪರೀಕ್ಷೆಯಲ್ಲಿ ಕೇಳಿದಾಗ ‘ಲೋಟದೊಳಗಿನ ನೀರು ಜಿನುಗುತ್ತದೆ’ ಎಂದು ಬರೆದವರೇ ಹೆಚ್ಚು. ಮಗ್ಗಿಯ ಹಾಡು ಎಲ್ಲರಿಗೂ ಬಾಯಿಪಾಠವಾಗಿದೆ. ಏಳೆಂಟ್ಲ ಎಷ್ಟು ಎಂದರೆ ಮಾತ್ರ ಮೊದಲಿನಿಂದ ಹಾಡಿಕೊಂಡೇ ಬರಬೇಕು. ಇದೆಲ್ಲ ಕಾಲಹರಣವೆಂದು ನನ್ನ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಕಲೆಯಿಂದ ಪಾಠದ ಕಲಿಕೆ ಉತ್ತಮವಾಗುತ್ತದೆ ಎಂಬುದಕ್ಕೆ ನಿಜವಾದ ಆಧಾರವಿದೆಯೇ? ನನಗೆ ಚಿತ್ರ ಬರೆಯಲೂ ಬಾರದು, ಹಾಡಲೂ ಬಾರದು. 40 ನಿಮಿಷದ ಅವಧಿಯಲ್ಲಿ, 45 ಮಕ್ಕಳೊಂದಿಗೆ ನಾನು ಏನು ಮಾಡಬಹುದು?

ಉತ್ತರ: ಮೊದಲು ಆ ಚಾರ್ಟನ್ನೇ ತೆಗೆದುಕೊಳ್ಳೋಣ. ಆ ಎರಡು ಅವಧಿಗಳಲ್ಲಿ ಒಂದು ಮಗು ಯಾವ ಯಾವ ತೀರ್ಮಾನಗಳನ್ನು ಮಾಡಿರಬಹುದು? ಸಮುದ್ರಕ್ಕೆ ಕಡುನೀಲಿಯೋ ತಿಳಿನೀಲಿಯೋ, ಮೋಡಕ್ಕೆ ಹತ್ತಿ ಅಂಟಿಸುವುದೋ ಬಣ್ಣ ಬಳಿಯುವುದೋ, ಶೀರ್ಷಿಕೆಯ ಅಕ್ಷರಗಳು ಎಷ್ಟು ದಪ್ಪವಿರಬೇಕು, ಸುತ್ತಲಿನ ಅಂಚು ಎಷ್ಟು ಅಗಲವಿರಬೇಕು ಎಂಬಂಥವು. ಬಾಣದ ಗುರುತುಗಳನ್ನು ಪಠ್ಯಪುಸ್ತಕ ನೋಡಿಕೊಂಡೇ ಹಾಕಿರುತ್ತಾರೆ. ಆವಿಯು ಯಾವಾಗ, ಏಕೆ ಹನಿಯಾಗುತ್ತದೆ ಎಂಬ ಪ್ರಶ್ನೆ ಒಮ್ಮೆಯೂ ಮನಸ್ಸಿಗೆ ಬಾರದೆ ಇಷ್ಟನ್ನೂ ಅಚ್ಚುಕಟ್ಟಾಗಿ ಮುಗಿಸಬಹುದು. ಮಗು ಯಾವುದರ ಬಗ್ಗೆ ಯೋಚಿಸಿತೋ ಅದು ನೆನಪಿನಲ್ಲಿ ಉಳಿಯುತ್ತದೆ. ಹತ್ತಿ ಅಂಟಿಸಿದ್ದು ನಿಮ್ಮ ಮಕ್ಕಳಿಗೆ ಖಂಡಿತವಾಗಿ ನೆನಪಿರುತ್ತದೆ. ಆದ್ದರಿಂದ ಯಾವುದೇ ಪಾಠಕ್ಕೆ ಕಲೆಯನ್ನು ಜೋಡಿಸುವ ಮುನ್ನ ನಾನು ನನ್ನನ್ನೇ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಪಾಠ ಅರ್ಥವಾಗದ ಮಗುವೂ ಈ ಕೆಲಸವನ್ನು ಚೆನ್ನಾಗಿ ಮಾಡಿ ಮುಗಿಸಬಲ್ಲದೇ? ಮುಗಿಸಬಲ್ಲದು ಎಂದಾದರೆ ಆ ಚಟುವಟಿಕೆ ಪಾಠದ ಪಕ್ಕದಲ್ಲಿ ಕುಳಿತಿದೆ, ಒಳಗೆ ಬಂದಿಲ್ಲ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಹಲವು ವರ್ಷಗಳ ಹಿಂದೆ ಸಸ್ಯಗಳು ಆಹಾರ ತಯಾರಿಸುವ ಬಗೆಯನ್ನು ಐದನೇ ತರಗತಿಯ ಮಕ್ಕಳಿಂದ ನಾಟಕವಾಗಿ ಆಡಿಸಿದ್ದೆ. ಕಾಗದದ ಕಿರೀಟ ಧರಿಸಿದ ಸೂರ್ಯ, ಹಸಿರು ಬಟ್ಟೆಯ ಎಲೆಗಳು, ಚಪ್ಪಾಳೆ, ಎಲ್ಲವೂ ಇದ್ದವು. ಮರುದಿನ ಸೂರ್ಯನ ಪಾತ್ರ ಮಾಡಿದ ಹುಡುಗನನ್ನು ‘ಎಲೆಗೆ ಸೂರ್ಯ ಏನು ಮಾಡುತ್ತಾನೆ?’ ಎಂದು ಕೇಳಿದೆ. ‘ನಗುತ್ತಾನೆ’ ಎಂದ. ಅವನಿಗೆ ನಾನು ಕೊಟ್ಟಿದ್ದ ಕೆಲಸವೂ ಅದೊಂದೇ ಆಗಿತ್ತು.

ಇನ್ನು ಆಧಾರದ ವಿಷಯ. ಉತ್ಸಾಹಿಗಳು ಹೇಳುವುದಕ್ಕಿಂತ ಕಡಿಮೆ, ನಿಮ್ಮ ಸಹೋದ್ಯೋಗಿ ಭಾವಿಸಿರುವುದಕ್ಕಿಂತ ಹೆಚ್ಚು ಆಧಾರ ನಮ್ಮಲ್ಲಿದೆ. ಅತಿಶಯೋಕ್ತಿಗೆ ಹೆಸರಾದ ಉದಾಹರಣೆ 1993ರದ್ದು. ಆ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಪುಟ್ಟ ವರದಿಯೊಂದರ ಪ್ರಕಾರ, ಹತ್ತು ನಿಮಿಷ ಮೊಜಾರ್ಟ್ ಸಂಗೀತ ಕೇಳಿದ ಕಾಲೇಜು ವಿದ್ಯಾರ್ಥಿಗಳು ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವಂಥ ಪರೀಕ್ಷೆಯಲ್ಲಿ ಸ್ವಲ್ಪ ಹೆಚ್ಚು ಅಂಕ ಪಡೆದಿದ್ದರು. ಪ್ರಯೋಗದಲ್ಲಿದ್ದವರು 36 ಜನ. ಪರಿಣಾಮ ಉಳಿದದ್ದು ಹದಿನೈದು ನಿಮಿಷದೊಳಗೆ. ಚಿಕ್ಕ ಮಕ್ಕಳು ಒಬ್ಬರೂ ಅದರಲ್ಲಿರಲಿಲ್ಲ. ಸಂಗೀತ ಕೇಳಿಸಿದರೆ ಮಗು ಬುದ್ಧಿವಂತವಾಗುತ್ತದೆ ಎಂಬ ಜನಪ್ರಿಯ ನಂಬಿಕೆ ಇಷ್ಟರ ಮೇಲೆ ಬೆಳೆದು ನಿಂತಿತು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1967ರಲ್ಲಿ ಆರಂಭವಾದ ‘ಪ್ರಾಜೆಕ್ಟ್ ಝೀರೋ’ ಎಂಬ ಸಂಶೋಧನಾ ಕೇಂದ್ರದ ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್‌ಲ್ಯಾಂಡ್ ಅವರು, 1950ರಿಂದ 1999ರವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ಫಲಿತಾಂಶಗಳನ್ನು 2000ದಲ್ಲಿ ಪ್ರಕಟಿಸಿದರು. ಅವರಿಗೆ ನಂಬಲರ್ಹವಾದ ಕಾರ್ಯಕಾರಣ ಸಂಬಂಧ ಕಂಡದ್ದು ಮೂರು ಕಡೆ ಮಾತ್ರ. ಅವುಗಳಲ್ಲಿ ಎರಡು, ಸಂಗೀತಕ್ಕೂ ಆಕಾರ ಮತ್ತು ಸ್ಥಾನಗಳನ್ನು ಗ್ರಹಿಸುವ ಶಕ್ತಿಗೂ ಸಂಬಂಧಿಸಿದವು. ಮೂರನೆಯದು, ತರಗತಿಯೊಳಗಿನ ನಾಟಕ ಚಟುವಟಿಕೆಗೂ ಭಾಷಾ ಸಾಮರ್ಥ್ಯಕ್ಕೂ ಇರುವ ಸಂಬಂಧ. ಕಲೆ ಕಲಿತ ಮಾತ್ರಕ್ಕೆ ಎಲ್ಲ ವಿಷಯಗಳಲ್ಲೂ ಅಂಕ ಏರುತ್ತದೆ ಎಂಬುದಕ್ಕೆ ಅವರಿಗೆ ಸಾಕಷ್ಟು ಸಾಕ್ಷ್ಯ ದೊರೆಯಲಿಲ್ಲ. ಟೊರಾಂಟೋದಲ್ಲಿ ಗ್ಲೆನ್ ಶೆಲೆನ್‌ಬರ್ಗ್ ಅವರು ಆರು ವರ್ಷದ 144 ಮಕ್ಕಳ ಮೇಲೆ ನಡೆಸಿ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಂಗೀತ ಪಾಠ ಪಡೆದವರ ಬುದ್ಧಿಸೂಚ್ಯಂಕ ಉಳಿದವರಿಗಿಂತ ಕೊಂಚ ಹೆಚ್ಚು ಏರಿತ್ತು. ನಾಟಕ ಕಲಿತ ಮಕ್ಕಳ ಸಾಮಾಜಿಕ ನಡವಳಿಕೆ ಸುಧಾರಿಸಿತ್ತು. ಏರಿಕೆ ನಿಜ, ಆದರೆ ಸಣ್ಣದು. ‘ಚಿತ್ರಕಲೆಯಿಂದ ಗಣಿತದ ಅಂಕ ಹೆಚ್ಚುತ್ತದೆ’ ಎಂದು ಪೋಷಕರ ಸಭೆಯಲ್ಲಿ ಯಾರಾದರೂ ಭರವಸೆ ಕೊಡಹೊರಟರೆ ನೀವು ಮೌನವಾಗಿರುವುದೇ ಲೇಸು.

ಆದರೆ ನಿಮ್ಮ ಪ್ರಶ್ನೆ ಬೇರೆ. ಕಲೆ ಕಲಿತರೆ ಬುದ್ಧಿ ಬೆಳೆಯುತ್ತದೆಯೇ ಎಂದು ನೀವು ಕೇಳಿಲ್ಲ. ಇಂಥದ್ದೊಂದು ಪಾಠವನ್ನು ಕಲೆಯ ಮೂಲಕ ಇನ್ನೂ ಚೆನ್ನಾಗಿ ಕಲಿಸಬಹುದೇ ಎಂದು ಕೇಳಿದ್ದೀರಿ. ಇದಕ್ಕೆ ಉತ್ತರ ಕಲೆಗೆ ತಕ್ಕಂತೆ, ಪಾಠಕ್ಕೆ ತಕ್ಕಂತೆ ಬದಲಾಗುತ್ತದೆ.

ಅತ್ಯಂತ ಗಟ್ಟಿಯಾದ ನೆಲ ಇರುವುದು ಭಾಷೆ ಮತ್ತು ನಾಟಕದ ನಡುವೆ. ಮೇಲೆ ಹೇಳಿದ ಪರಿಶೀಲನೆಯಲ್ಲಿ, ಅಭಿನಯಿಸಿದ ಕಥೆಯನ್ನು ಮಾತ್ರವಲ್ಲದೆ ಅಭಿನಯಿಸದ ಹೊಸ ಪಠ್ಯಗಳನ್ನು ಗ್ರಹಿಸಲೂ ಅಭಿನಯ ನೆರವಾಗಿತ್ತು. ನಾಟಕವೆಂದರೆ ಇಲ್ಲಿ ವೇಷ, ಪರದೆ, ಬಾಯಿಪಾಠದ ಸಂಭಾಷಣೆ, ವಾರ್ಷಿಕೋತ್ಸವ ಅಲ್ಲ. ಸಿಂಹ ಮತ್ತು ಇಲಿಯ ಕಥೆ ಎಲ್ಲರಿಗೂ ಗೊತ್ತು. ಕಥೆ ಓದಿಸಿದ ಮೇಲೆ ಒಬ್ಬ ಮಗುವನ್ನು ಸಿಂಹವಾಗಿ ಕುರ್ಚಿಯಲ್ಲಿ ಕೂರಿಸಿ, ಉಳಿದವರು ಪ್ರಶ್ನೆ ಕೇಳಲಿ: ‘ಇಲಿಯನ್ನು ಏಕೆ ಬಿಟ್ಟೆ? ಅದರ ಮಾತನ್ನು ನಂಬಿದೆಯಾ, ಇಲ್ಲ ನಗು ಬಂತೆಂದು ಬಿಟ್ಟೆಯಾ? ಬಲೆಯಲ್ಲಿ ಸಿಕ್ಕಾಗ ಇಲಿಯನ್ನು ಕರೆಯಬೇಕೆಂದು ನಿನಗೆ ಏಕೆ ಹೊಳೆಯಲಿಲ್ಲ?’ ಇವುಗಳಿಗೆ ಉತ್ತರ ಪಠ್ಯದಲ್ಲಿ ನೇರವಾಗಿ ಸಿಗುವುದಿಲ್ಲ; ಪಠ್ಯವನ್ನು ಬಿಟ್ಟು ಮನಬಂದಂತೆ ಹೇಳಿದರೂ ನಡೆಯುವುದಿಲ್ಲ, ಏಕೆಂದರೆ ಕೆಳಗೆ ಕುಳಿತವರು ‘ಕಥೆಯಲ್ಲಿ ಹಾಗಿಲ್ಲ’ ಎಂದು ತಕ್ಷಣ ಹಿಡಿಯುತ್ತಾರೆ. ಸಾಲುಗಳ ನಡುವೆ ಓದುವುದು ಎಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದು ಇಲ್ಲಿ ಮಕ್ಕಳಿಂದ ತಾನಾಗಿಯೇ ನಡೆಯುತ್ತದೆ. ಇದಾದ ಮೇಲೆ ಸಿಂಹದ ಪರವಾಗಿ ಐದು ವಾಕ್ಯ ಬರೆಯಿರಿ ಎಂದರೆ, ಏನು ಬರೆಯುವುದೆಂದು ತೋಚದೆ ಪೆನ್ಸಿಲ್ ಕಚ್ಚುತ್ತ ಕೂರುವವರ ಸಂಖ್ಯೆ ಕಡಿಮೆಯಾಗುತ್ತದೆ.

ಸ್ತಬ್ಧಚಿತ್ರ ಇನ್ನೂ ಸುಲಭ. ಕಥೆಯ ಒಂದು ಕ್ಷಣವನ್ನು ಆರಿಸಿಕೊಂಡು, ನಾಲ್ಕು ಮಕ್ಕಳ ಗುಂಪು ಅಲುಗಾಡದೆ ನಿಲ್ಲಬೇಕು. ಉಳಿದವರು ಅದು ಯಾವ ಕ್ಷಣವೆಂದು ಹೇಳಬೇಕು, ಯಾವ ವಾಕ್ಯವನ್ನು ನೋಡಿ ಹಾಗೆ ಹೇಳುತ್ತಿದ್ದೇವೆ ಎಂದು ಪುಸ್ತಕದಲ್ಲಿ ಬೆರಳಿಟ್ಟು ತೋರಿಸಬೇಕು. ಬೆರಳಿಟ್ಟು ತೋರಿಸುವ ಆ ನಿಯಮವನ್ನು ಬಿಟ್ಟರೆ ಇದು ಬರಿಯ ಆಟವಾಗುತ್ತದೆ. 45 ಮಕ್ಕಳಿದ್ದರೆ ಎಲ್ಲ ಗುಂಪುಗಳನ್ನೂ ಮುಂದೆ ಕರೆಯುವ ಅಗತ್ಯವಿಲ್ಲ. ತಮ್ಮ ತಮ್ಮ ಜಾಗದಲ್ಲೇ ನಿಂತು ಮಾಡಲಿ, ನೀವು ಎರಡು ಗುಂಪುಗಳನ್ನಷ್ಟೇ ಆರಿಸಿ ಎಲ್ಲರಿಗೂ ತೋರಿಸಿ. ಇಂಗ್ಲೆಂಡಿನ ನಾಟಕ ಶಿಕ್ಷಕಿ ಡೊರೊಥಿ ಹೀತ್‌ಕೋಟ್ ಈ ದಾರಿಯಲ್ಲಿ ಇನ್ನೂ ಬಹಳ ದೂರ ಹೋದವರು. ಇಡೀ ತರಗತಿಯನ್ನು ಒಂದು ಪರಿಣತರ ತಂಡವೆಂದು ಭಾವಿಸಿ, ವಸ್ತುಸಂಗ್ರಹಾಲಯದವರೋ ಸೇತುವೆ ಕಟ್ಟುವವರೋ ಆಗಿ ಮಕ್ಕಳು ಒಂದು ಕೆಲಸವನ್ನು ಒಪ್ಪಿಕೊಂಡು, ಅದಕ್ಕಾಗಿ ಓದಿ, ಅಳೆದು, ಪತ್ರ ಬರೆದು ಮುಗಿಸುವ ವಿಧಾನವನ್ನು ಅವರು ರೂಪಿಸಿದರು. ಅದು ವಾರಗಟ್ಟಲೆಯ ಕೆಲಸ, ಶಿಕ್ಷಕರೂ ಪಾತ್ರವಾಗಬೇಕಾದ ಕೆಲಸ. ಮೊದಲ ವರ್ಷವೇ ಅದಕ್ಕೆ ಕೈ ಹಾಕಬೇಡಿ.

ವಿಜ್ಞಾನಕ್ಕೆ ಚಿತ್ರ ಬಹಳ ಚೆನ್ನಾಗಿ ಒದಗುತ್ತದೆ, ಆದರೆ ಚಾರ್ಟಿನ ರೂಪದಲ್ಲಿ ಅಲ್ಲ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೆಫ್ರಿ ವಾಮ್ಸ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪದಗಳನ್ನು ಮತ್ತೆ ಮತ್ತೆ ಬರೆದವರಿಗಿಂತ ಅವುಗಳ ಚಿತ್ರ ಬರೆದವರು ಹೆಚ್ಚು ಪದಗಳನ್ನು ನೆನಪಿಟ್ಟುಕೊಂಡರು. ಚಿತ್ರ ಚೆನ್ನಾಗಿತ್ತೋ ಇಲ್ಲವೋ ಎಂಬುದರಿಂದ ಫಲಿತಾಂಶ ಬದಲಾಗಲಿಲ್ಲ. ಪ್ರತಿ ಪದಕ್ಕೆ ಕೊಟ್ಟದ್ದು ಒಂದು ನಿಮಿಷಕ್ಕಿಂತ ಕಡಿಮೆ ಸಮಯ. ಅವರು ಕಾಲೇಜು ವಿದ್ಯಾರ್ಥಿಗಳು ಎಂಬುದನ್ನು ಮರೆಯಬಾರದು, ಆದರೂ ಚಿತ್ರ ಬರೆಯಲು ಬಾರದೆಂದು ಹಿಂಜರಿಯುವ ಶಿಕ್ಷಕರಿಗೆ ಇದರಲ್ಲಿ ಧೈರ್ಯವಿದೆ. ಇನ್ನೊಂದು ಸಂಗತಿ ನನಗೆ ಇದಕ್ಕಿಂತಲೂ ಮುಖ್ಯವಾಗಿ ಕಾಣುತ್ತದೆ. ವಾಕ್ಯದಲ್ಲಿ ಅಡಗಿಸಬಹುದಾದದ್ದನ್ನು ಚಿತ್ರದಲ್ಲಿ ಅಡಗಿಸಲಾಗುವುದಿಲ್ಲ. ‘ಬೇರು ನೀರನ್ನು ಹೀರುತ್ತದೆ’ ಎಂದು ಯಾವ ಮಗುವೂ ಬರೆಯಬಲ್ಲದು; ಹೀರಿದ ನೀರು ಎಲ್ಲಿ ಹೋಯಿತೆಂದು ಕಾಂಡದ ಒಳಗೆ ಗೆರೆ ಎಳೆದು ತೋರಿಸು ಎಂದರೆ ಅರ್ಧದಷ್ಟು ಮಕ್ಕಳ ಗೆರೆ ಮಣ್ಣಿನ ಮಟ್ಟದಲ್ಲೇ ನಿಂತುಬಿಡಬಹುದು. ಆಗ ನಿಮಗೆ ಯಾರಿಗೆ ಏನು ಗೊತ್ತಿಲ್ಲವೆಂಬುದು ಒಂದು ನೋಟದಲ್ಲಿ ತಿಳಿಯುತ್ತದೆ. ನೋಡಿ ಬರೆಯುವ ಚಿತ್ರದ ಲಾಭ ಬೇರೆ ಬಗೆಯದು. ಎಲೆಯನ್ನು ನೆನಪಿನಿಂದ ಬರೆಯಿರಿ ಎಂದು ಮೊದಲು ಹೇಳಿ. ಬಳಿಕ ಕೈಗೊಂದು ಎಲೆ ಕೊಟ್ಟು, ನರಗಳು ಎಲ್ಲಿ ಕವಲೊಡೆಯುತ್ತವೆ, ಅಂಚಿನವರೆಗೆ ಮುಟ್ಟುತ್ತವೆಯೇ ಎಂದು ನೋಡಿ ಮತ್ತೆ ಬರೆಯಿಸಿ. ಎರಡು ಚಿತ್ರಗಳ ನಡುವಿನ ವ್ಯತ್ಯಾಸವನ್ನು ಮಗು ತಾನೇ ಬಾಯಿಬಿಟ್ಟು ಹೇಳಿದರೆ ಆ ದಿನದ ಪಾಠ ಮುಗಿಯಿತು. ಬಣ್ಣ ಬೇಡ. ನಿಜ ಹೇಳಬೇಕೆಂದರೆ ಪ್ರಾಥಮಿಕ ತರಗತಿಯ ವಿಜ್ಞಾನ ಪಾಠಗಳಲ್ಲಿ ಬಣ್ಣ ತಿನ್ನುವಷ್ಟು ಸಮಯವನ್ನು ಬೇರಾವುದೂ ತಿನ್ನುವುದಿಲ್ಲ.

ಓದುವುದರಲ್ಲಿ ಹಿಂದಿರುವ ಮಕ್ಕಳಿಗೆ ಇದರಿಂದ ಹೆಚ್ಚು ಪ್ರಯೋಜನ ಎಂಬುದಕ್ಕೂ ಸಾಕ್ಷ್ಯವಿದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮರಿಯಾಲ್ ಹಾರ್ಡಿಮನ್ ಮತ್ತು ಅವರ ತಂಡ ಐದನೇ ತರಗತಿಯ ವಿಜ್ಞಾನ ಪಾಠಗಳನ್ನು ಕಲೆಯೊಂದಿಗೂ ಕಲೆಯಿಲ್ಲದೆಯೂ ಕಲಿಸಿ ಹೋಲಿಸಿ, 2019ರಲ್ಲಿ ಫಲಿತಾಂಶ ಪ್ರಕಟಿಸಿತು. ಓದಿನ ಮಟ್ಟ ಕಡಿಮೆಯಿದ್ದ ಮಕ್ಕಳು, ಕೆಲವು ವಾರಗಳ ನಂತರ ಪರೀಕ್ಷಿಸಿದಾಗ, ಕಲೆಯೊಂದಿಗೆ ಕಲಿತದ್ದನ್ನೇ ಹೆಚ್ಚು ಉಳಿಸಿಕೊಂಡಿದ್ದರು. ಬರಹವೊಂದೇ ಬಾಗಿಲಾಗಿರುವ ತರಗತಿಯಲ್ಲಿ ಈ ಮಕ್ಕಳು ಹೊರಗೇ ಉಳಿಯುತ್ತಾರೆ ಎಂಬುದು ನಿಮಗೆ ಹೊಸ ವಿಷಯವೇನಲ್ಲ.

ಗಣಿತಕ್ಕೆ ಬಂದರೆ ಮಗ್ಗಿಯ ಹಾಡಿನ ಬಗ್ಗೆ ನಿಮ್ಮ ಅನುಭವ ಸರಿಯಾದದ್ದೇ. ಹಾಡು ಕ್ರಮವನ್ನು ಕಾಯುತ್ತದೆ. ನಡುವಿನಿಂದ ಒಂದು ಸಾಲನ್ನು ಎತ್ತಿ ಕೊಡುವುದಿಲ್ಲ. ವರ್ಣಮಾಲೆಯಲ್ಲಿ ‘ಧ’ ಕಾರದ ಹಿಂದಿನ ಅಕ್ಷರ ಯಾವುದೆಂದು ಥಟ್ಟನೆ ಕೇಳಿದರೆ ದೊಡ್ಡವರೂ ‘ತ ಥ ದ’ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುವುದಿಲ್ಲವೇ? ಹಾಡನ್ನು ಬಿಡಬೇಕಾಗಿಲ್ಲ. ಅದರ ಜೊತೆಗೆ ಚೌಕಳಿ ಹಾಳೆಯಲ್ಲಿ ಏಳು ಸಾಲು, ಎಂಟು ಕಂಬದ ಆಯತವೊಂದನ್ನು ಬಿಡಿಸಿ, ಅದನ್ನು ಎರಡೇ ಬಣ್ಣಗಳಲ್ಲಿ ತುಂಬಲು ಹೇಳಿ. ಒಂದೊಂದು ಬಣ್ಣದ ಭಾಗವೂ ಮಗುವಿಗೆ ಈಗಾಗಲೇ ಗೊತ್ತಿರುವ ಮಗ್ಗಿಯೇ ಆಗಿರಬೇಕೆಂಬ ನಿಯಮವಿರಲಿ. ಒಬ್ಬಳು ಏಳೈದ್ಲ ಮೂವತ್ತೈದಕ್ಕೆ ಏಳ್ಮೂರ್ಲ ಇಪ್ಪತ್ತೊಂದನ್ನು ಸೇರಿಸುತ್ತಾಳೆ, ಇನ್ನೊಬ್ಬ ಏಳ್ನಾಲ್ಕನ್ನು ಎರಡು ಸಲ ಇಡುತ್ತಾನೆ. ಇಲ್ಲಿ ಬಣ್ಣದ ಆಯ್ಕೆಯೇ ಗಣಿತದ ಆಯ್ಕೆ. ಚೆಂದದ ವಿನ್ಯಾಸವೂ ಸಿಗುತ್ತದೆ, ಆದರೆ ಲೆಕ್ಕ ತಪ್ಪಿದರೆ ವಿನ್ಯಾಸವೂ ತಪ್ಪುತ್ತದೆ.

ಭಿನ್ನರಾಶಿಗೆ ತಾಳವನ್ನು ಬಳಸಿ ನೋಡಿ. ಕಾಲುಭಾಗಕ್ಕಿಂತ ಎಂಟನೆಯ ಒಂದು ಭಾಗ ದೊಡ್ಡದು, ಏಕೆಂದರೆ ನಾಲ್ಕಕ್ಕಿಂತ ಎಂಟು ದೊಡ್ಡದು ಎಂಬ ತಪ್ಪು ಎಲ್ಲ ತರಗತಿಗಳಲ್ಲೂ ಇರುತ್ತದೆ. ಒಂದರಿಂದ ಎಂಟರವರೆಗೆ ಎಣಿಸುವ ಒಂದು ಸುತ್ತನ್ನು ಇಡಿಯೆಂದು ಇಟ್ಟುಕೊಳ್ಳಿ. ಒಂದು ಸ್ವರವನ್ನು ನಾಲ್ಕು ಎಣಿಕೆಯವರೆಗೆ ಎಳೆದರೆ ಅದು ಅರ್ಧ, ಎರಡು ಎಣಿಕೆಯವರೆಗೆ ಎಳೆದರೆ ಕಾಲು, ಒಂದೇ ಎಣಿಕೆಗೆ ನಿಲ್ಲಿಸಿದರೆ 1/8. ಛೇದ ದೊಡ್ಡದಾದಂತೆ ದನಿ ಚಿಕ್ಕದಾಗುವುದನ್ನು ಮಗು ತನ್ನ ಉಸಿರಿನಲ್ಲೇ ತಿಳಿಯುತ್ತದೆ. ಸುತ್ತನ್ನು ತುಂಬಿಸಲು ತಮಗೆ ಬೇಕಾದ ತುಣುಕುಗಳನ್ನು ಮಕ್ಕಳೇ ಜೋಡಿಸಿ, ಬರೆದು, ಚಪ್ಪಾಳೆ ತಟ್ಟಲಿ; ಮೊತ್ತ ಒಂದಾಗದಿದ್ದರೆ ತಾಳ ತಪ್ಪಿದ್ದು ಎಲ್ಲರಿಗೂ ಕೇಳಿಸುತ್ತದೆ. ಇಂಥದೇ ವಿಧಾನದಲ್ಲಿ ಸಂಗೀತದ ಮೂಲಕ ಭಿನ್ನರಾಶಿ ಕಲಿಸಿದ ಅಧ್ಯಯನವೊಂದು 2012ರಲ್ಲಿ ಅಮೆರಿಕದಿಂದ ಪ್ರಕಟವಾಗಿದೆ. ಅದರಲ್ಲಿದ್ದ ಮೂರನೇ ತರಗತಿಯ 67 ಮಕ್ಕಳಲ್ಲಿ ಸಂಗೀತದ ಗುಂಪಿನವರು ಮುಂದಿದ್ದರು. ಆ ಗುಂಪಿನಲ್ಲಿ ಆರಂಭದಲ್ಲಿ ಹಿಂದಿದ್ದವರು ಕೊನೆಗೆ ಮುಂದಿದ್ದವರ ಸಮಕ್ಕೆ ಬಂದಿದ್ದರು. ಒಂದೇ ಅಧ್ಯಯನ, ಸಣ್ಣದು ಕೂಡ; ಆದರೆ ಕಾರಣ ಸ್ಪಷ್ಟವಾಗಿರುವುದರಿಂದ ನಾನು ಇದನ್ನು ನೆಚ್ಚುತ್ತೇನೆ.

ಚಪ್ಪಾಳೆಯ ಮಾತು ಬಂದದ್ದರಿಂದ ಒಂದು ಸಣ್ಣ ಸೇರ್ಪಡೆ. ಹ್ರಸ್ವ ದೀರ್ಘಗಳನ್ನು ತಪ್ಪು ಬರೆಯುವ ಮಕ್ಕಳಿಗೆ ಛಂದಸ್ಸಿನ ಮಾತ್ರೆ ಒಳ್ಳೆಯ ಔಷಧ. ಲಘುವಿಗೆ ಒಂದು ತಟ್ಟು, ಗುರುವಿಗೆ ಎರಡು ತಟ್ಟು ಎಂದು ‘ಕಡು’, ‘ಕಾಡು’ ಎಂಬ ಪದಗಳನ್ನು ತಟ್ಟಿಸಿ. ‘ಕಮಲ’ಕ್ಕೂ ‘ಕಾಡು’ವಿಗೂ ಮೂರೇ ತಟ್ಟು ಏಕೆಂದು ಕೇಳಿ. ಲಘು ಗುರುಗಳ ಹೆಸರನ್ನು ಹೇಳುವ ಅಗತ್ಯವೂ ಇಲ್ಲ.

ಸಮಾಜ ವಿಜ್ಞಾನಕ್ಕೆ ಮಕ್ಕಳಿಂದ ಚಿತ್ರ ಬರೆಸುವುದಕ್ಕಿಂತ ಚಿತ್ರ ನೋಡಿಸುವುದು ಮೇಲು. ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಶಿಕ್ಷಣ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಫಿಲಿಪ್ ಯೆನವೈನ್, ಮನೋವಿಜ್ಞಾನಿ ಅಬಿಗೇಲ್ ಹೌಸೆನ್ ಅವರೊಂದಿಗೆ ರೂಪಿಸಿದ ಕ್ರಮದಲ್ಲಿ ಇರುವುದು ಮೂರೇ ಪ್ರಶ್ನೆಗಳು: ಈ ಚಿತ್ರದಲ್ಲಿ ಏನು ನಡೆಯುತ್ತಿದೆ, ಯಾವುದನ್ನು ನೋಡಿ ಹಾಗೆ ಹೇಳುತ್ತೀ, ಇನ್ನೂ ಏನು ಕಾಣುತ್ತದೆ. ಎರಡನೆಯ ಪ್ರಶ್ನೆಯೇ ಇದರ ಬೆನ್ನೆಲುಬು. ಹಳೆಯ ಚಿತ್ರವನ್ನೋ ಶಿಲ್ಪದ ಛಾಯಾಚಿತ್ರವನ್ನೋ ಹತ್ತು ನಿಮಿಷ ಹೀಗೆ ನೋಡಿಸಿದ ಬಳಿಕ ಪಾಠ ಆರಂಭಿಸಿದರೆ ಮಕ್ಕಳು ಕಣ್ಣಲ್ಲಿ ಪ್ರಶ್ನೆಗಳನ್ನಿಟ್ಟುಕೊಂಡು ಕುಳಿತಿರುತ್ತಾರೆ.

ನಿಮ್ಮ ಸಮಯದ ಬಗ್ಗೆ: ಪ್ರತಿ ಪಾಠಕ್ಕೂ ಕಲೆ ಬೇಕೆಂಬ ನಿಯಮವನ್ನು ನಾನು ಒಪ್ಪುವುದಿಲ್ಲ. ಭಾಗಾಕಾರದ ಕ್ರಮವನ್ನು ಅಭ್ಯಾಸ ಮಾಡಬೇಕಾದ ದಿನ ಅಭ್ಯಾಸವನ್ನೇ ಮಾಡಬೇಕು. ವಾರಕ್ಕೆ ಒಂದೋ ಎರಡೋ ಕಡೆ, ಮಕ್ಕಳು ಪದೇ ಪದೇ ಎಡವುವ ಪರಿಕಲ್ಪನೆಯನ್ನೇ ಆರಿಸಿಕೊಂಡು, ಹದಿನೈದು ನಿಮಿಷ ಕೊಟ್ಟರೆ ಸಾಕು. ಮುಖ್ಯೋಪಾಧ್ಯಾಯರಿಗೆ ಹೀಗೆ ವಿವರಿಸಿ ಒಪ್ಪಿಸಲು ಸಾಧ್ಯವಾದೀತು. ಪಾಠಯೋಜನೆಯಲ್ಲಿ ‘ಚಟುವಟಿಕೆ: ಚಿತ್ರ’ ಎಂದು ಬರೆಯುವ ಬದಲು ‘ಈ ಚಿತ್ರ ಬರೆಯಲು ಮಗು ಯೋಚಿಸಲೇಬೇಕಾದ ವಿಷಯ’ ಎಂದು ಒಂದು ಸಾಲು ಬರೆದರೆ ಅದೇ ನಿಮ್ಮ ವಾದಕ್ಕೆ ಬಲ. ಮೌಲ್ಯಮಾಪನದಲ್ಲಿ ಅಂದಕ್ಕೆ ಅಂಕ ಕೊಡಬೇಡಿ. ಹಾಗೆಂದು ಕಲೆಯ ಅವಧಿಯನ್ನೇ ಕಿತ್ತುಹಾಕಿ ‘ಗಣಿತದಲ್ಲೇ ಕಲೆ ಬಂತಲ್ಲ’ ಎನ್ನುವವರ ಮಾತಿಗೂ ತಲೆಯಾಡಿಸಬೇಡಿ. ಗೆರೆ, ಬಣ್ಣ, ಶ್ರುತಿಗಳನ್ನು ಅವುಗಳಿಗಾಗಿಯೇ ಕಲಿಯುವ ಸಮಯ ಬೇರೆ ಇರಬೇಕು. ಅಲ್ಲಿ ಅಂದವನ್ನು ಕುರಿತು ಮಾತಾಡುವುದೇ ಪಾಠ.

ಇನ್ನು ನಿಮ್ಮ ಲೋಟದ ಹನಿಗೆ ಮರಳುತ್ತೇನೆ. ತಣ್ಣೀರು ತುಂಬಿದ ಲೋಟವೊಂದನ್ನು ಮೇಜಿನ ಮೇಲಿಟ್ಟು, ಪೆನ್ಸಿಲ್ ಮಾತ್ರ ಬಳಸಿ ನಾಲ್ಕು ಚೌಕಗಳ ಚಿತ್ರಕಥೆ ಬರೆಯಲು ಹೇಳಿ. ಕೊನೆಯ ಚೌಕದಲ್ಲಿ ಒಂದು ಹನಿ ಲೋಟದ ಹೊರಮೈ ಮೇಲಿದೆ; ಅದಕ್ಕೆ ಮೊದಲಿನ ಮೂರು ಚೌಕಗಳಲ್ಲಿ ಆ ನೀರು ಎಲ್ಲಿತ್ತು, ಅಲ್ಲಿ ಬಿಸಿಯಿತ್ತೋ ತಂಪಿತ್ತೋ ಎಂಬುದನ್ನು ತೋರಿಸಬೇಕು. ಹತ್ತು ನಿಮಿಷ ಸಾಕು. ಬಳಿಕ ಏಳೆಂಟು ಮಕ್ಕಳು ಗಾಳಿಯಲ್ಲಿರುವ ನೀರಿನ ಕಣಗಳಾಗಿ ಓಡಾಡಲಿ. ತಣ್ಣನೆಯ ಗಾಜೆಂದು ಗುರುತಿಸಿದ ಗೋಡೆಯ ಬಳಿ ಬಂದಾಗ ನಿಧಾನವಾಗಿ, ಒಬ್ಬರಿಗೊಬ್ಬರು ಅಂಟಿಕೊಂಡು ಗುಂಪಾಗಲಿ. ಉಳಿದವರಿಗೆ ಒಂದು ಕೆಲಸವಿರಲಿ: ಈ ಆಟ ನಿಜದಂತೆ ಎಲ್ಲಿದೆ, ಎಲ್ಲಿ ಇಲ್ಲ ಎಂದು ಹೇಳುವುದು. ಒಂದು ಹನಿಯಲ್ಲಿ ಕಣಗಳು ಏಳೆಂಟೇ ಇರುವುದಿಲ್ಲ, ಕಣಗಳಿಗೆ ಎಲ್ಲಿ ಹೋಗಬೇಕೆಂಬ ಇಚ್ಛೆಯೂ ಇರುವುದಿಲ್ಲ ಎಂಬುದು ಅವರ ಬಾಯಿಂದಲೇ ಬರಬೇಕು, ಬಾರದಿದ್ದರೆ ನೀವು ಕೇಳಿ ಹೊರಡಿಸಬೇಕು. ಕೊನೆಗೆ ತಮ್ಮ ಚಿತ್ರಕಥೆಯನ್ನು ತಿದ್ದಿಕೊಳ್ಳಲು ಐದು ನಿಮಿಷ ಕೊಡಿ. ಹಳೆಯ ಗೆರೆಯನ್ನು ಅಳಿಸದೆ ಪಕ್ಕದಲ್ಲೇ ಹೊಸದನ್ನು ಬರೆಯಲಿ. ಹಾಳೆಗಳನ್ನು ಸಂಗ್ರಹಿಸಿದಾಗ ನೀವು ನೋಡಬೇಕಾದದ್ದು ಮೂರನೆಯ ಚೌಕ. ಅಲ್ಲಿ ಇನ್ನೂ ಲೋಟದ ಒಳಗಿನಿಂದ ಹೊರಕ್ಕೆ ಬಾಣ ಎಳೆದಿರುವ ಮಕ್ಕಳನ್ನು ಮರುದಿನ ಒಟ್ಟಿಗೆ ಕರೆಯಿರಿ. ತಣ್ಣೀರಿಗೆ ನಾಲ್ಕು ಹನಿ ಮಸಿ ಬೆರೆಸಿಟ್ಟು, ಹೊರಮೈಯಲ್ಲಿ ಹನಿ ಮೂಡುವವರೆಗೆ ಕಾದು, ಅದನ್ನು ಬಿಳಿ ಕಾಗದದಿಂದ ಒರೆಸಿ ನೋಡಲು ಹೇಳಿ.